ಕೂಸು ಬಡವಾಗದಿರಲಿ

ಗಂಡಹೆಂಡಿರ ಜಗಳದಲ್ಲಿ ಕೂಸು ಬಡವಾಯಿತೆಂಬುದು ಹಿರಿಯರು ಆಡಿದ ಮಾತು. ತಂದೆ ಬೇಡವೆಂದದ್ದನ್ನು ತಾಯಿಯಲ್ಲಿ ಬೇಡಿ, ತಾಯಿ ಒಲ್ಲೆನೆಂದದ್ದನ್ನು ಅಜ್ಜಿಯ ಸೆರಗಿನ ಮರೆಯಲ್ಲಿ ಪಡೆದುಕೊಳ್ಳುವ ಮಗು ಯಾವ ಮನೆಯಲ್ಲಿಲ್ಲ? ಅಲ್ಲಿ ತಪ್ಪು ಮಗುವಿನದೆನ್ನುವುದಕ್ಕಿಂತ, ಹಿರಿಯರು ತಮ್ಮೊಳಗೆ ಮಾತನಾಡಿಕೊಳ್ಳದೆ ಇದ್ದುದೇ ತಪ್ಪು ಎನ್ನಬೇಕು. ಮನೆಯಲ್ಲಿ ಇದರಿಂದಾಗುವ ಹಾನಿ ಒಂದು ಮಿಠಾಯಿಗೋ ಒಂದು ಸಿನಿಮಾಕ್ಕೋ ಮುಗಿಯುತ್ತದೆ. ಆದರೆ ಮದ್ಯಪಾನದ ವ್ಯಸನಕ್ಕೆ ಸಿಕ್ಕಿದವರನ್ನು ಗುಣಪಡಿಸುವ ಆಸ್ಪತ್ರೆಯ ವಾರ್ಡಿನಲ್ಲಿ ಇದೇ ಸಂಗತಿ ನಡೆದರೆ, ಒಬ್ಬ ಮನುಷ್ಯನ ಪ್ರಾಣವೂ ಅವನನ್ನು ನಂಬಿಕೊಂಡ ಸಂಸಾರವೂ ಪಣಕ್ಕೆ ಬಿದ್ದಂತೆಯೇ ಸರಿ.

ಇಂಥ ವಾರ್ಡಿನಲ್ಲಿ ಹಲವು ಕೈಗಳು ಏಕೆ ಬೇಕು? ಕುಡಿತದ ವ್ಯಸನ ದೇಹ, ಮನಸ್ಸು, ಮನೆ ಈ ಮೂರನ್ನೂ ಏಕಕಾಲಕ್ಕೆ ಹಿಡಿಯುವ ಕಾಯಿಲೆ. ವರ್ಷಗಟ್ಟಲೆ ವಿಪರೀತವಾಗಿ ಕುಡಿದವನು ಥಟ್ಟನೆ ನಿಲ್ಲಿಸಿದರೆ ಮೊದಲ ದಿನವೇ ಕೈ ನಡುಗುತ್ತದೆ, ಬೆವರು ಹರಿಯುತ್ತದೆ, ನಿದ್ರೆ ಹಾರಿಹೋಗುತ್ತದೆ. ಕೆಲವರಿಗೆ ಎರಡು ದಿನಗಳೊಳಗೆ ಫಿಟ್ಸ್ ಬರುವುದುಂಟು. ಎರಡರಿಂದ ನಾಲ್ಕು ದಿನಗಳ ನಡುವೆ ಸನ್ನಿ ಹಿಡಿದು, ಚಿಕಿತ್ಸೆ ದೊರೆಯದಿದ್ದರೆ ಪ್ರಾಣಕ್ಕೇ ಅಪಾಯವಾಗುವುದೂ ಉಂಟು. ಇದನ್ನು ತಡೆಯಬಲ್ಲವನು ವೈದ್ಯ. ರಾತ್ರಿಯೆಲ್ಲ ಎಚ್ಚರವಿದ್ದು ನಾಡಿಯನ್ನೂ ರಕ್ತದೊತ್ತಡವನ್ನೂ ನೋಡುವವಳು ದಾದಿ. ನಡುಕ ನಿಂತ ಮೇಲೆ, ಕುಡಿಯಬೇಕೆಂಬ ಬಯಕೆ ಎಲ್ಲಿ ಹುಟ್ಟುತ್ತದೆಂದು ಹುಡುಕುವವನು ಮನಶ್ಶಾಸ್ತ್ರಜ್ಞ. ಸಾಲ, ನೌಕರಿ, ಹೆಂಡತಿ ಮಕ್ಕಳ ಬವಣೆಗಳನ್ನು ವಿಚಾರಿಸುವವಳು ಸಮಾಜ ಕಾರ್ಯಕರ್ತೆ. ಇವರೊಂದಿಗೆ, ಒಂದು ಕಾಲಕ್ಕೆ ತಾನೂ ಇದೇ ಹಾಸಿಗೆಯಲ್ಲಿ ಮಲಗಿದ್ದು ಈಗ ಕುಡಿತ ಬಿಟ್ಟು ಇತರರಿಗೆ ದಾರಿ ತೋರುವ ಆಪ್ತಸಲಹೆಗಾರನೂ ಹಲವೆಡೆ ಇರುತ್ತಾನೆ. ಐವರ ವಿದ್ಯೆ ಬೇರೆ, ಭಾಷೆ ಬೇರೆ, ಸಂಬಳ ಬೇರೆ. ಭಿನ್ನಾಭಿಪ್ರಾಯ ಬಾರದಿದ್ದರೇ ಆಶ್ಚರ್ಯ.

ಒಂದು ಸಂಜೆಯ ಪ್ರಸಂಗ

ಉದಾಹರಣೆಗೆ ಹೀಗೊಂದು ಪ್ರಸಂಗವನ್ನು ಕಲ್ಪಿಸಿಕೊಳ್ಳಬಹುದು. ರೋಗಿಯೊಬ್ಬ ಆಸ್ಪತ್ರೆ ಸೇರಿ ಮೂರನೆಯ ವಾರ. ಮನೆಗೆ ಹೋಗಿಬರಲು ಒಂದು ದಿನದ ಅಪ್ಪಣೆ ಪಡೆದು ಹೋದವನು ಸಂಜೆ ಏಳು ಗಂಟೆಗೆ ಹಿಂತಿರುಗಿದಾಗ ಬಾಯಿಂದ ಮದ್ಯದ ವಾಸನೆ ಬರುತ್ತಿದೆ.

"ಕುಡಿದು ಬಂದವರನ್ನು ಇಟ್ಟುಕೊಳ್ಳಬಾರದೆಂದು ನಿಯಮವಿದೆ ಡಾಕ್ಟರೇ. ವಾರ್ಡಿನಲ್ಲಿರುವ ಉಳಿದವರೆಲ್ಲ ನೋಡುತ್ತಿದ್ದಾರೆ," ಎನ್ನುತ್ತಾಳೆ ದಾದಿ.

"ಇವರಿಗೆ ಹಿಂದೆ ಒಮ್ಮೆ ಫಿಟ್ಸ್ ಬಂದಿತ್ತು, ಸಿಸ್ಟರ್. ಈ ರಾತ್ರಿ ಹೊರಗೆ ಕಳಿಸಿ ಏನಾದರೂ ಆದರೆ ಹೊಣೆ ಯಾರದು?" ಎಂದು ವೈದ್ಯ ಕೇಳುತ್ತಾನೆ.

"ಈ ಆಟ ನನಗೆ ಗೊತ್ತು. ನಾನೂ ಆಡಿದವನೇ. ತಪ್ಪಿನ ಬಿಸಿ ತಾಕದ ಹೊರತು ಇವನು ಕಲಿಯುವುದಿಲ್ಲ," ಎಂಬುದು ಆಪ್ತಸಲಹೆಗಾರನ ವಾದ.

ರಾತ್ರಿ ಹೊತ್ತು ಕುಡಿದ ಗಂಡನನ್ನು ಮನೆಗೆ ಅಟ್ಟಿದರೆ ಹೆಂಡತಿ ಮಕ್ಕಳ ಗತಿಯೇನೆಂಬುದು ಸಮಾಜ ಕಾರ್ಯಕರ್ತೆಯ ಚಿಂತೆ. ಈ ದಿನ ಮನೆಯಲ್ಲಿ ಏನು ನಡೆಯಿತೆಂದು ಯಾರಾದರೂ ಕೇಳಿದರೇ ಎಂಬುದು ಮನಶ್ಶಾಸ್ತ್ರಜ್ಞನ ಪ್ರಶ್ನೆ.

ಐವರಲ್ಲಿ ಯಾರು ಹೇಳಿದ್ದು ಸುಳ್ಳು? ಯಾರದ್ದೂ ಅಲ್ಲ. ಒಬ್ಬೊಬ್ಬರೂ ನಿಜದ ಒಂದೊಂದು ಮುಖವನ್ನು ಕಂಡಿದ್ದಾರೆ. ಆದುದರಿಂದ ಈ ಭಿನ್ನಮತದಲ್ಲಿಯೇ ಕೇಡಿಲ್ಲ. ಕೇಡು ಹುಟ್ಟುವುದು ಮುಂದಿನ ಹೆಜ್ಜೆಯಲ್ಲಿ. ಯಾವ ತೀರ್ಮಾನವನ್ನೂ ಮಾಡದೆ ಅವರು ಚದುರಿಹೋದರು ಎನ್ನೋಣ. ದಾದಿ ರೋಗಿಯೊಡನೆ ಬಿಗಿಯಾಗಿ ನಡೆದುಕೊಳ್ಳುತ್ತಾಳೆ. ವೈದ್ಯ ಸಮಾಧಾನ ಹೇಳುತ್ತಾನೆ. ಸಲಹೆಗಾರ ಮುಖ ತಿರುಗಿಸುತ್ತಾನೆ. ರೋಗಿ ದಾದಿಗೆ "ಡಾಕ್ಟರು ಇರಲೆಂದಿದ್ದಾರೆ" ಎನ್ನುತ್ತಾನೆ. ವೈದ್ಯನಿಗೆ "ಸಿಸ್ಟರ್‌ಗೆ ನನ್ನನ್ನು ಕಂಡರಾಗದು" ಎನ್ನುತ್ತಾನೆ. ಬೆಳಗಾಗುವುದರೊಳಗೆ ವಾರ್ಡಿನಲ್ಲಿ ಎರಡು ಪಕ್ಷಗಳಾಗಿರುತ್ತವೆ. ಅವನೇಕೆ ಕುಡಿದನೆಂಬ ಮುಖ್ಯ ಪ್ರಶ್ನೆ ಎಲ್ಲರಿಗೂ ಮರೆತುಹೋಗಿರುತ್ತದೆ.

ಬಚ್ಚಿಟ್ಟ ಜಗಳದ ಫಲ

ಈ ವಿಷಯವನ್ನು ಕುರಿತು ಹೆಸರಾಂತ ಅಧ್ಯಯನವೊಂದು ಅಮೆರಿಕದ ಮೇರಿಲೆಂಡ್ ಪ್ರಾಂತ್ಯದ ಚೆಸ್ಟ್‌ನಟ್ ಲಾಡ್ಜ್ ಎಂಬ ಆಸ್ಪತ್ರೆಯಲ್ಲಿ ನಡೆಯಿತು. ಆಲ್ಫ್ರೆಡ್ ಸ್ಟಾಂಟನ್ ಎಂಬ ಮನೋವೈದ್ಯನೂ ಮಾರಿಸ್ ಶ್ವಾರ್ಟ್ಸ್ ಎಂಬ ಸಮಾಜಶಾಸ್ತ್ರಜ್ಞನೂ ಅಲ್ಲಿನ ವಾರ್ಡೊಂದರ ನಿತ್ಯಜೀವನವನ್ನು ಬಹುಕಾಲ ಗಮನಿಸಿ 1954ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಅಲ್ಲಿನ ರೋಗಿಗಳು ಕುಡಿತಕ್ಕಾಗಿ ಬಂದವರಲ್ಲ, ತೀವ್ರ ಮನೋರೋಗದಿಂದ ಬಳಲುತ್ತಿದ್ದವರು. ಆದರೂ ಅವರು ಕಂಡುಕೊಂಡ ಸಂಗತಿ ಎಲ್ಲ ವಾರ್ಡುಗಳಿಗೂ ಪಾಠವಾಗುವಂಥದು. ರೋಗಿಯೊಬ್ಬ ಕಾರಣವೇ ಇಲ್ಲದೆ ಕೆರಳಿ ಕೂಗಾಡತೊಡಗಿದ ಪ್ರಸಂಗಗಳ ಬೆನ್ನು ಹತ್ತಿದಾಗ, ಅವನ ವಿಷಯದಲ್ಲಿ ಸಿಬ್ಬಂದಿಯ ಇಬ್ಬರ ನಡುವೆ ಬಾಯಿಬಿಟ್ಟು ಆಡದ ಭಿನ್ನಾಭಿಪ್ರಾಯವಿದ್ದುದು ಅವರಿಗೆ ಕಂಡುಬಂದಿತು. ಆ ಇಬ್ಬರೂ ಎದುರೆದುರು ಕುಳಿತು ಮನಬಿಚ್ಚಿ ಮಾತನಾಡಿದ ಮೇಲೆ ರೋಗಿಯ ಉದ್ರೇಕ ಬಹುಬೇಗ ಇಳಿಯುತ್ತಿತ್ತು.

ಗಮನಿಸಬೇಕಾದ ಮಾತೆಂದರೆ, ರೋಗಿಯನ್ನು ಕೆಡಿಸಿದ್ದು ಜಗಳವಲ್ಲ, ಮುಚ್ಚಿಟ್ಟ ಜಗಳ. ನಗುಮುಖದ ಹಿಂದೆ ಅಡಗಿದ ಅಸಮ್ಮತಿಯನ್ನು ಮಕ್ಕಳು ಮೂಸಿ ತಿಳಿಯುವಂತೆಯೇ ರೋಗಿಗಳೂ ತಿಳಿಯುತ್ತಾರೆ.

ವಿಲ್ಮರ್ ಆಸ್ಪತ್ರೆಯ ಸಾಹಸ

ಕುಡಿತದ ಚಿಕಿತ್ಸೆಯಲ್ಲಿ ಹಲವು ವಿದ್ಯೆಯವರನ್ನು ಒಂದೇ ಮೇಜಿನ ಸುತ್ತ ಕೂರಿಸುವ ಪದ್ಧತಿಯ ಬೇರು ಅದೇ ದೇಶದ ಮಿನ್ನೆಸೋಟ ಪ್ರಾಂತ್ಯದ ವಿಲ್ಮರ್ ಸರ್ಕಾರಿ ಆಸ್ಪತ್ರೆಯಲ್ಲಿದೆ. 1950ರಲ್ಲಿ ಅದರ ಮೇಲ್ವಿಚಾರಕನಾಗಿ ಬಂದ ಡಾಕ್ಟರ್ ನೆಲ್ಸನ್ ಬ್ರಾಡ್ಲಿಯೂ ಅವನ ಸಹೋದ್ಯೋಗಿ ಮನಶ್ಶಾಸ್ತ್ರಜ್ಞ ಡೇನಿಯಲ್ ಆಂಡರ್ಸನ್ನನೂ ಮದ್ಯವ್ಯಸನಿಗಳ ವಾರ್ಡಿನ ಬೀಗವನ್ನು ತೆಗೆಸಿದರು. ಅದಕ್ಕಿಂತಲೂ ದೊಡ್ಡ ಸಾಹಸವೆಂದರೆ ಕುಡಿತ ಬಿಟ್ಟವರನ್ನೇ ಸಂಬಳ ಕೊಟ್ಟು ಸಲಹೆಗಾರರಾಗಿ ನೇಮಿಸಿಕೊಂಡದ್ದು. ಇದಕ್ಕಾಗಿ ಆ ಪ್ರಾಂತ್ಯದ ಸರ್ಕಾರಿ ನೌಕರಿಯಲ್ಲಿ 1954ರಲ್ಲಿ ಹೊಸ ಹುದ್ದೆಯೊಂದು ಏರ್ಪಟ್ಟಿತು.

ಎರಡು ಕಡೆಯಿಂದಲೂ ಗೊಣಗಾಟ ಎದ್ದಿತು. ಓದಿ ಪದವಿ ಪಡೆದವರಿಗೆ, ನಿನ್ನೆಯ ರೋಗಿ ಇಂದು ಸಹೋದ್ಯೋಗಿಯಾಗಿ ಪಕ್ಕದ ಕುರ್ಚಿಯಲ್ಲಿ ಕೂರುವುದು ಸರಿಬೀಳಲಿಲ್ಲ. ಅತ್ತ ಕುಡಿತ ಬಿಟ್ಟವರ ಬಳಗವಾದ ಆಲ್ಕೋಹಾಲಿಕ್ಸ್ ಅನಾನಿಮಸ್‌ನಲ್ಲಿಯೂ ಶಂಕೆ ಮೂಡಿತು. 1935ರಲ್ಲಿ ಹುಟ್ಟಿದ ಆ ಬಳಗದಲ್ಲಿ ಒಬ್ಬ ವ್ಯಸನಿ ಇನ್ನೊಬ್ಬನಿಗೆ ನೆರವಾಗುವುದು ಕಾಸಿಲ್ಲದ ಸೇವೆ. ಅದಕ್ಕೆ ಸಂಬಳ ಪಡೆಯುವುದು ಸರಿಯೇ ಎಂಬ ಪ್ರಶ್ನೆ ಎದ್ದಿತು. ಆದರೂ ಪ್ರಯೋಗ ನಿಲ್ಲಲಿಲ್ಲ. ವೈದ್ಯನಿಗೆ ಗೊತ್ತಿಲ್ಲದ ಒಂದು ವಿದ್ಯೆ ಸಲಹೆಗಾರನಿಗೆ ಗೊತ್ತು, ಸಲಹೆಗಾರನಿಗೆ ತಿಳಿಯದ ಅಪಾಯ ವೈದ್ಯನಿಗೆ ತಿಳಿದಿದೆ ಎಂಬುದು ಒಟ್ಟಿಗೆ ದುಡಿಯುತ್ತ ದುಡಿಯುತ್ತ ಮನವರಿಕೆಯಾಯಿತು. ಆಂಡರ್ಸನ್ 1961ರಲ್ಲಿ ಹೇಜಲ್ಡನ್ ಎಂಬ ಸಂಸ್ಥೆಯ ನಿರ್ದೇಶಕನಾದಾಗ ಈ ಪದ್ಧತಿ ಅಲ್ಲಿ ಬೆಳೆದು ಲೋಕಪ್ರಸಿದ್ಧವಾಯಿತು. ಕುಡಿತಕ್ಕೆ ಪತಿಯನ್ನು ಬಲಿಕೊಟ್ಟ ಶಾಂತಿ ರಂಗನಾಥನ್ ಎಂಬ ಮಹಿಳೆ ಅದೇ ಹೇಜಲ್ಡನ್ನಿನಲ್ಲಿ ತರಬೇತಿ ಪಡೆದು, 1980ರಲ್ಲಿ ಮದರಾಸಿನಲ್ಲಿ ಟಿ. ಟಿ. ರಂಗನಾಥನ್ ಪ್ರತಿಷ್ಠಾನವನ್ನು ಸ್ಥಾಪಿಸಿದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ಕೇಂದ್ರವಿದ್ದು, ಮನೋವೈದ್ಯರೂ ಮನಶ್ಶಾಸ್ತ್ರಜ್ಞರೂ ಸಮಾಜ ಕಾರ್ಯಕರ್ತರೂ ದಾದಿಯರೂ ಒಟ್ಟಾಗಿ ಅಲ್ಲಿ ಕೆಲಸ ಮಾಡುತ್ತಾರೆ.

ಮಾತ್ರೆಯೋ, ಮನೋಬಲವೋ?

ಇಂಥ ತಂಡಗಳಲ್ಲಿ ಮತ್ತೆ ಮತ್ತೆ ಹೊಗೆಯಾಡುವ ಕಲಹವೊಂದಿದೆ. ಹೊಟ್ಟೆಯ ಹುಳುಗಳಿಗೆ ಮದ್ದಾದೀತೆಂದು ಡೆನ್ಮಾರ್ಕಿನ ಹಾಲ್ಡ್ ಮತ್ತು ಯಾಕೊಬ್ಸೆನ್ ಎಂಬ ವಿಜ್ಞಾನಿಗಳು ಡೈಸಲ್ಫಿರಾಮ್ ಎಂಬ ಔಷಧವನ್ನು ತಾವೇ ನುಂಗಿ ಪರೀಕ್ಷಿಸುತ್ತಿದ್ದಾಗ, ಅದರ ಮೇಲೆ ಮದ್ಯ ಕುಡಿದರೆ ಮೈ ಕೆಂಪೇರಿ ಸಂಕಟವಾಗುವುದು ತಿಳಿದುಬಂದಿತು. 1948ರಲ್ಲಿ ಈ ಸಂಗತಿ ಪ್ರಕಟವಾದಂದಿನಿಂದ ಅದು ವ್ಯಸನದ ಚಿಕಿತ್ಸೆಯಲ್ಲಿ ಬಳಕೆಗೆ ಬಂದಿದೆ. ರೋಗಿಗೆ ಎಲ್ಲವನ್ನೂ ತಿಳಿಸಿ, ಅವನು ಒಪ್ಪಿದ ಮೇಲೆಯೇ ಕೊಡತಕ್ಕ ಮದ್ದು ಅದು. ವೈದ್ಯ ಅದನ್ನು ಬರೆದುಕೊಡುತ್ತಾನೆ; ಮನೋಬಲವೊಂದರಿಂದಲೇ ಗೆದ್ದ ಸಲಹೆಗಾರನಿಗೆ ಅದು ಊರುಗೋಲಾಗಿ ಕಾಣುತ್ತದೆ. "ಮಾತ್ರೆ ನುಂಗಿ ಬಿಟ್ಟದ್ದು ಬಿಟ್ಟದ್ದೇ?" ಎಂದು ಅವನೊಂದು ಮಾತು ಆಡಿದರೆ ಸಾಕು, ಮಾತ್ರೆ ಮರುದಿನ ಕಿಟಕಿಯಾಚೆ ಬೀಳುತ್ತದೆ. ಅದು ಖಿನ್ನತೆಯ ಮಾತ್ರೆಯೋ ಫಿಟ್ಸಿನ ಮಾತ್ರೆಯೋ ಆಗಿದ್ದರೆ ಆ ಒಂದು ಮಾತಿಗೆ ತೆರಬೇಕಾದ ಬೆಲೆ ಇನ್ನೂ ಹೆಚ್ಚು. ಈ ಅಪಾಯವನ್ನು ಮನಗಂಡೇ ಆಲ್ಕೋಹಾಲಿಕ್ಸ್ ಅನಾನಿಮಸ್ ಸಂಘ ಔಷಧಗಳನ್ನು ಕುರಿತು 1984ರಲ್ಲಿ ಕಿರುಹೊತ್ತಗೆಯೊಂದನ್ನು ಹೊರಡಿಸಿ, ತನ್ನ ಸದಸ್ಯರು ವೈದ್ಯರ ಪಾತ್ರ ವಹಿಸಕೂಡದೆಂದು ಎಚ್ಚರಿಸಿತು. ಹಾಗೆಯೇ, ಮಾತ್ರೆ ಕೊಟ್ಟೊಡನೆ ತನ್ನ ಕೆಲಸ ಮುಗಿಯಿತೆಂದು ಭಾವಿಸುವ ವೈದ್ಯನೂ ಅರ್ಧ ಚಿಕಿತ್ಸೆಯನ್ನಷ್ಟೇ ಮಾಡಿದಂತೆ.

ಒಂದು ಮೇಜು, ಒಂದು ಕಡತ

ಹಾಗಾದರೆ ದಾರಿಯೇನು? ಮೊದಲನೆಯದಾಗಿ, ಯಾವ ವಿಷಯದಲ್ಲಿ ಯಾರ ಮಾತು ಕೊನೆಯದೆಂಬುದು ಜಗಳ ಬರುವ ಮುನ್ನವೇ ನಿಶ್ಚಯವಾಗಿರಬೇಕು. ಪ್ರಾಣಾಪಾಯದ ಪ್ರಶ್ನೆಯಲ್ಲಿ ವೈದ್ಯನ ಮಾತು; ವಾರ್ಡಿನ ಶಿಸ್ತಿನ ಪ್ರಶ್ನೆಯಲ್ಲಿ ಅದರ ಹೊಣೆ ಹೊತ್ತ ದಾದಿಯ ಮಾತು. ಎರಡೂ ಒಂದನ್ನೊಂದು ತಾಕಿದಾಗ ಪ್ರಾಣವೇ ಮೊದಲು, ಶಿಸ್ತು ಆಮೇಲೆ. ಎರಡನೆಯದಾಗಿ, ದಿನಕ್ಕೊಮ್ಮೆಯಾದರೂ ಎಲ್ಲರೂ ಕೂಡಿ ಕುಳಿತು ಮಾತನಾಡಬೇಕು. ಅಲ್ಲಿ ಕಿರಿಯರು ಮೊದಲು ಮಾತನಾಡುವುದು ಒಳ್ಳೆಯದು. ದೊಡ್ಡ ಡಾಕ್ಟರು ಬಾಯಿ ತೆರೆದ ಮೇಲೆ ರಾತ್ರಿಪಾಳಿಯ ದಾದಿ ತಾನು ಕಂಡದ್ದನ್ನು ನುಂಗಿಕೊಳ್ಳುವುದು ಮನುಷ್ಯಸ್ವಭಾವ. "ನಿಮ್ಮ ಅಭಿಪ್ರಾಯವೇನು?" ಎಂಬುದಕ್ಕಿಂತ ಮೊದಲು "ನೀವು ಕಂಡದ್ದೇನು?" ಎಂದು ಕೇಳಿದರೆ ಅರ್ಧ ಜಗಳ ಅಲ್ಲಿಯೇ ತಣ್ಣಗಾಗುತ್ತದೆ. ಮೂರನೆಯದಾಗಿ, ತೀರ್ಮಾನವನ್ನೂ ಅದರ ಕಾರಣವನ್ನೂ ಒಂದೇ ಕಡತದಲ್ಲಿ ಬರೆದಿಡಬೇಕು. ಅದನ್ನು ರೋಗಿಗೆ ಒಬ್ಬರೇ, ಉಳಿದವರ ಸಮಕ್ಷಮದಲ್ಲಿ ತಿಳಿಸಬೇಕು. ಕೋಣೆಯೊಳಗೆ ಎಷ್ಟಾದರೂ ವಾದಿಸಲಿ. ಹೊರಗೆ ಬಂದ ಮೇಲೆ ಎಲ್ಲರದೂ ಒಂದೇ ಮಾತಾಗಿರಬೇಕು.

ಆ ಸಂಜೆಯ ಐವರೂ ಹೀಗೆ ಅರ್ಧ ಗಂಟೆ ಕುಳಿತಿದ್ದರೆ ಏನಾಗುತ್ತಿತ್ತು? ರಾತ್ರಿ ರೋಗಿಯನ್ನು ಇರಿಸಿಕೊಂಡು ನಿಗಾ ಇಡುವುದು. ಮುಂದಿನ ರಜೆಗಳನ್ನು ಸದ್ಯಕ್ಕೆ ನಿಲ್ಲಿಸುವುದು. ಬೆಳಿಗ್ಗೆ ಮತ್ತು ಇಳಿದ ಮೇಲೆ ಮನಶ್ಶಾಸ್ತ್ರಜ್ಞನೂ ಸಲಹೆಗಾರನೂ ಒಟ್ಟಿಗೆ ಕುಳಿತು ಅವನೊಡನೆ ಮಾತನಾಡುವುದು. ಅವನ ಒಪ್ಪಿಗೆ ಪಡೆದು ಸಮಾಜ ಕಾರ್ಯಕರ್ತೆ ಮನೆಯವರನ್ನು ಕರೆಸುವುದು. ಯಾರೊಬ್ಬರೂ ಪೂರ್ತಿಯಾಗಿ ಗೆಲ್ಲಲಿಲ್ಲ; ಯಾರ ಮಾತೂ ವ್ಯರ್ಥವಾಗಲಿಲ್ಲ.

ಮನೆಯವರ ಪಾಲು

ಈ ತಂಡದಲ್ಲಿ ಆರನೆಯ ಸ್ಥಾನವೊಂದುಂಟು. ಅದು ಮನೆಯವರದು. ಸಂಕಟದಲ್ಲಿರುವ ಹೆಂಡತಿಯೋ ತಾಯಿಯೋ ವೈದ್ಯನ ಮಾತನ್ನು ದಾದಿಗೆ, ದಾದಿಯ ಮಾತನ್ನು ಸಲಹೆಗಾರನಿಗೆ ಒಯ್ದು, ತಮಗೆ ಹಿತವಾದ ಉತ್ತರ ಸಿಗುವವರೆಗೂ ಬಾಗಿಲಿಂದ ಬಾಗಿಲಿಗೆ ಅಲೆಯುವುದು ಸಹಜ. ಅದರ ಬದಲು ಮೊದಲ ದಿನವೇ, "ನಾವು ಯಾರೊಡನೆ ಮಾತನಾಡಬೇಕು?" ಎಂದು ಕೇಳಿಕೊಳ್ಳುವುದು ಜಾಣತನ. ಇಬ್ಬರು ಎರಡು ಬಗೆಯಾಗಿ ಹೇಳಿದರೆಂದು ತೋರಿದಾಗ, ಇಬ್ಬರನ್ನೂ ಒಟ್ಟಿಗೆ ಕೂರಿಸಿ ಮಾತನಾಡಿಸಬೇಕೆಂದು ಸಂಕೋಚವಿಲ್ಲದೆ ವಿನಂತಿಸಬಹುದು. ರೋಗಿ ಗುಟ್ಟಾಗಿ ಹೇಳಿದ್ದನ್ನು ಸಿಬ್ಬಂದಿ ತಿಳಿಸಲೊಲ್ಲರೆಂದು ಮುನಿಯುವುದೂ ತರವಲ್ಲ. ಮದ್ಯ, ಮಾದಕವಸ್ತುಗಳ ವ್ಯಸನದಿಂದಾದ ಕಾಯಿಲೆಯನ್ನೂ ಒಳಗೊಂಡ 2017ರ ಮಾನಸಿಕ ಆರೋಗ್ಯ ಕಾಯಿದೆ ರೋಗಿಯ ಗುಟ್ಟನ್ನು ಕಾಪಾಡುವುದು ಅವನ ಹಕ್ಕೆಂದು ಹೇಳುತ್ತದೆ.

ಹಿರಿಯರು ಒಮ್ಮತಕ್ಕೆ ಬಂದ ಮನೆಯಲ್ಲಿ ಮಗು ಮೊದಮೊದಲು ಅತ್ತರೂ ಬೇಗನೆ ನೆಮ್ಮದಿಯಿಂದ ಮಲಗುತ್ತದೆ. ವ್ಯಸನದಿಂದ ಬಿಡಿಸಿಕೊಳ್ಳಲು ಹೆಣಗುತ್ತಿರುವ ಮನುಷ್ಯನಿಗೂ ಬೇಕಾದುದು ಅದೇ. ಅವನ ಮನಸ್ಸು ಕುಡಿಯೆಂದೂ ಬೇಡವೆಂದೂ ಒಳಗೇ ಎರಡಾಗಿ ಸೀಳಿಹೋಗಿರುತ್ತದೆ. ಹೊರಗಿನವರಾದರೂ ಒಂದಾಗಿ ನಿಂತರೆ, ಆ ಸೀಳು ಕೂಡಿಕೊಳ್ಳಲು ಅವಕಾಶವಾದೀತು.