ಎಂಟೂವರೆಗೆ ಮುಚ್ಚುವ ಮೆಸ್

ದೀಪಾವಳಿ ರಜೆಗೆ ಹಾಸ್ಟೆಲಿನಿಂದ ಮನೆಗೆ ಬಂದ ಮಕ್ಕಳಿಗೆ ಬಾಗಿಲಲ್ಲೇ ಒಂದು ಮಾತು ಕಾದಿರುತ್ತದೆ: ‘ಏನೋ, ಹಾಸ್ಟೆಲ್ ಊಟ ಚೆನ್ನಾಗಿ ಮೈಗೆ ಹತ್ತಿದೆ!’ ಹುಡುಗನಾದರೆ ನಕ್ಕು ಒಳಗೆ ಹೋಗುತ್ತಾನೆ. ಹುಡುಗಿ ಅದೇ ರಾತ್ರಿ ‘ಹಸಿವಿಲ್ಲಮ್ಮ’ ಎಂದು ತಟ್ಟೆ ಸರಿಸುತ್ತಾಳೆ. ದಯವಿಟ್ಟು ಈ ಮಾತು ನಿಲ್ಲಿಸೋಣ. ಕಾಲೇಜಿನ ಮೊದಲ ವರ್ಷ ಏರುವ ತೂಕಕ್ಕೆ ಮಕ್ಕಳ ಬಾಯಿಚಪಲಕ್ಕಿಂತ ದೊಡ್ಡವರಾದ ನಾವು ಅವರಿಗೆ ಹಾಕಿಕೊಟ್ಟ ವೇಳಾಪಟ್ಟಿಯೇ ಹೆಚ್ಚು ಕಾರಣ ಎಂದು ನಾನು ನಂಬಿದ್ದೇನೆ.

ಅಮೆರಿಕದಲ್ಲಿ ಇದಕ್ಕೊಂದು ಹೆಸರೇ ಇದೆ, ‘ಫ್ರೆಶ್‌ಮನ್ ಫಿಫ್ಟೀನ್’. ಮೊದಲ ವರ್ಷದಲ್ಲಿ ಹದಿನೈದು ಪೌಂಡ್, ಅಂದರೆ ಸುಮಾರು 7 ಕೆ.ಜಿ. ಏರುತ್ತದೆಂಬ ನಂಬಿಕೆ ಅದು. ‘ಸೆವೆಂಟೀನ್’ ಎಂಬ ಪತ್ರಿಕೆ 1989ರಲ್ಲಿ ಮುಖಪುಟದಲ್ಲಿ ಹಾಕಿದ ಮೇಲೆ ಮನೆಮಾತಾಯಿತು. 2011ರಲ್ಲಿ ಸಂಶೋಧಕರಾದ ಜೇ ಝಗೋರ್ಸ್ಕಿ ಮತ್ತು ಪೆಟ್ರೀಷಿಯಾ ಸ್ಮಿತ್ ಲೆಕ್ಕ ಹಾಕಿ ನೋಡಿದಾಗ ಸರಾಸರಿ ಏರಿಕೆ ಒಂದೂವರೆ ಕೆ.ಜಿ. ಆಸುಪಾಸಿನಲ್ಲಿತ್ತು. ಕಾಲೇಜಿಗೆ ಹೋಗದ ಅದೇ ವಯಸ್ಸಿನವರದೂ ಹೆಚ್ಚುಕಡಿಮೆ ಅಷ್ಟೇ.

ಹಾಗಾದರೆ ನಾವು ನಿಶ್ಚಿಂತರಾಗಿರಬಹುದೇ? ಇಲ್ಲ, ನಮ್ಮ ಮೈಯ ಕಥೆ ಬೇರೆ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಒಂದೇ ಒಂದು ಪುಟದ ಬರಹ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಅಳತೆಯಾದ ಬಿಎಂಐ ಇಬ್ಬರದೂ 22.3. ಆದರೆ ಮೈಯಲ್ಲಿದ್ದ ಕೊಬ್ಬು ಯುಡ್ಕಿನ್ ಅವರದು ಶೇ 9.1, ಯಾಜ್ಞಿಕರದು ಶೇ 21.2. ನೋಡಲು ಸಣಕಲು, ಒಳಗೆ ಕೊಬ್ಬು. ಭಾರತೀಯರಲ್ಲಿ ಇದು ಸಾಮಾನ್ಯ. ಅದಕ್ಕೇ ನಮ್ಮ ವೈದ್ಯರು ಬಿಎಂಐ 25 ಆಗುವವರೆಗೆ ಕಾಯದೆ 23ಕ್ಕೇ ಎಚ್ಚರಿಸುತ್ತಾರೆ. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ದಾಟಬಾರದು ಎನ್ನುತ್ತಾರೆ. ಹದಿನೆಂಟರ ಹುಡುಗನ ಹೊಟ್ಟೆಯ ಸುತ್ತ ಕೂಡುವ ಎರಡು ಮೂರು ಕೆ.ಜಿ.ಯನ್ನು ‘ವಯಸ್ಸಿನ ಮೈ’ ಎಂದು ತಳ್ಳಿಹಾಕುವಂತಿಲ್ಲ.

ಈ ಮೈ ಓಡಾಟ ಬಿಟ್ಟು ಕೂತದ್ದು ಕಾಲೇಜಿನಲ್ಲಲ್ಲ, ಅದಕ್ಕೂ ಎರಡು ವರ್ಷ ಮೊದಲೇ. ಪಿಯುಸಿಗೆ ಸೇರಿದ ದಿನವೇ ಆಟ ನಿಂತಿರುತ್ತದೆ. ಸಿಇಟಿ, ನೀಟ್ ಎಂದು ಬೆಳಗಿನ ಐದರಿಂದ ರಾತ್ರಿ ಹತ್ತರವರೆಗೆ ಬೆಂಚು. ಕೊಕ್ಕೊ ಆಡುತ್ತಿದ್ದ ಹುಡುಗಿ, ಕೆರೆಯಲ್ಲಿ ಈಜುತ್ತಿದ್ದ ಹುಡುಗ, ಇಬ್ಬರೂ ಅಲ್ಲಿಂದ ಬಂದು ಎಂಜಿನಿಯರಿಂಗ್ ಹಾಸ್ಟೆಲ್ ಸೇರುತ್ತಾರೆ.

ಅಲ್ಲಿನ ದಿನ ಹೇಗಿರುತ್ತದೆ? ಎಂಟಕ್ಕೆ ಕ್ಲಾಸು. ತಡವಾಗಿ ಎದ್ದವರಿಗೆ ತಿಂಡಿ ಸಿಗುವುದಿಲ್ಲ. ಹನ್ನೊಂದಕ್ಕೆ ಕ್ಯಾಂಟೀನಿನಲ್ಲಿ ಒಂದು ಪಪ್ಸ್, ಒಂದು ಟೀ. ಮಧ್ಯಾಹ್ನ ಅನ್ನ ಸಾಂಬಾರು, ರಾತ್ರಿ ಮತ್ತೆ ಅನ್ನ ಸಾಂಬಾರು. ಜೋಳದ ರೊಟ್ಟಿ, ಕಾಳುಪಲ್ಯ, ಹಸಿ ಸೊಪ್ಪು ತಿಂದು ಬೆಳೆದ ರಾಯಚೂರಿನ ಹುಡುಗನ ತಟ್ಟೆಯಿಂದ ಕಾಳು, ಸೊಪ್ಪು ಎರಡೂ ಮಾಯ. ಏಳೂವರೆಗೆ ತೆರೆದ ಮೆಸ್ ಎಂಟೂವರೆಗೆ ಮುಚ್ಚುತ್ತದೆ. ಲ್ಯಾಬ್ ರೆಕಾರ್ಡು, ಅಸೈನ್‌ಮೆಂಟು, ಇಂಟರ್ನಲ್ಸ್ ಮುಗಿಸಿ ಮಲಗುವುದು ಒಂದು ಗಂಟೆಗೆ. ಹನ್ನೊಂದರ ಹೊತ್ತಿಗೆ ಹಸಿವಾಗದೆ ಇನ್ನೇನಾದೀತು? ಅದು ನಿಜವಾದ ಹಸಿವು. ಆಗ ಕೈಗೆ ಸಿಗುವುದು ಕೆಟಲ್‌ನಲ್ಲಿ ಬೇಯುವ ನೂಡಲ್ಸ್, ಗೇಟಿನಾಚೆಯ ಗಾಡಿಯ ಎಗ್ ರೈಸ್, ಗೋಬಿ ಮಂಚೂರಿ, ಜೊತೆಗೆ ತಂಪು ಪಾನೀಯ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿಯ ಕೃತಕ ಬಣ್ಣ ನಿಷೇಧಿಸಿತು, ಒಳ್ಳೆಯದೇ ಆಯಿತು. ಕರಿದ ಎಣ್ಣೆ ಹಾಗೇ ಉಳಿದಿದೆ.

ನಿದ್ದೆಗೆಟ್ಟರೆ ಹಸಿವೂ ಏರುತ್ತದೆ. 2004ರ ಷಿಕಾಗೊ ವಿಶ್ವವಿದ್ಯಾಲಯದ ಪ್ರಯೋಗವೊಂದರಲ್ಲಿ ಆರೋಗ್ಯವಂತ ಯುವಕರಿಗೆ ಎರಡು ರಾತ್ರಿ ನಾಲ್ಕೇ ಗಂಟೆ ಮಲಗಲು ಬಿಟ್ಟರು. ಹೊಟ್ಟೆ ತುಂಬಿತೆಂದು ಹೇಳುವ ಲೆಪ್ಟಿನ್ ಶೇ 18ರಷ್ಟು ಇಳಿಯಿತು, ಹಸಿವು ಕೆರಳಿಸುವ ಗ್ರೆಲಿನ್ ಶೇ 28ರಷ್ಟು ಏರಿತು. ಅವರ ಮನಸ್ಸು ಓಡಿದ್ದು ಸಿಹಿ, ಉಪ್ಪು, ಹಿಟ್ಟಿನ ತಿನಿಸುಗಳತ್ತ. ನಮ್ಮ ಮಕ್ಕಳು ಇಡೀ ಸೆಮಿಸ್ಟರ್ ಇದೇ ಪ್ರಯೋಗದಲ್ಲಿದ್ದಾರೆ.

ನನ್ನನ್ನು ಹೆಚ್ಚು ಕಾಡುವುದು ಪಠ್ಯಕ್ರಮ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) 2022ರ ಸ್ಕೀಮ್‌ನಲ್ಲಿ ಮೊದಲ ವರ್ಷದವರಿಗೆ ಆರೋಗ್ಯದ ಬಗ್ಗೆಯೇ ಒಂದು ವಿಷಯವಿತ್ತು, ‘ಸೈಂಟಿಫಿಕ್ ಫೌಂಡೇಷನ್ಸ್ ಆಫ್ ಹೆಲ್ತ್’. ಒಂದು ಕ್ರೆಡಿಟ್, ಬಹು ಆಯ್ಕೆಯ ಪ್ರಶ್ನೆಗಳ ಪರೀಕ್ಷೆ. ದೈಹಿಕ ಶಿಕ್ಷಣ, ಯೋಗ, ಎನ್‌ಎಸ್‌ಎಸ್ ಬರುತ್ತಿದ್ದುದು ಮೂರನೇ ಸೆಮಿಸ್ಟರಿನಿಂದ. ಮನೆ ಬಿಟ್ಟು ಬಂದ ವರ್ಷ ಆರೋಗ್ಯವನ್ನು ಓದಿ ಬರೆಯಬೇಕಿತ್ತು, ಮೈದಾನಕ್ಕೆ ಇಳಿಯುತ್ತಿದ್ದುದು ಮರುವರ್ಷ. ಹೊಸ ಜಾಗದಲ್ಲಿ ಅಭ್ಯಾಸಗಳು ಕೂರುವುದೇ ಮೊದಲ ಆರು ತಿಂಗಳಲ್ಲಿ. ಇಂಥ ಕ್ರಮ ತಿರುಗಬೇಕು.

ಹುಡುಗಿಯರ ಪಾಡು ಇನ್ನೂ ಕಷ್ಟ. ಸಂಜೆ ಆರೂವರೆಗೆ ಹಾಸ್ಟೆಲ್ ಗೇಟು ಹಾಕಿದರೆ ಅವರು ನಡೆಯುವುದೆಲ್ಲಿ, ಆಡುವುದೆಲ್ಲಿ? ತೂಕಕ್ಕೆ ಹೆದರಿ ಊಟ ಬಿಡುವವರೂ ಅವರೇ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುವಂತೆ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 30ರಷ್ಟು ಮಂದಿಗೆ ಅತಿತೂಕ. ಅದೇ ಗುಂಪಿನಲ್ಲಿ ಶೇ 47.8 ಮಂದಿಗೆ ರಕ್ತಹೀನತೆ. ಮೈ ತುಂಬಿರುವವಳ ರಕ್ತದಲ್ಲೂ ಕಬ್ಬಿಣ ಕಡಿಮೆ ಇರಬಹುದು. ಅಂಥವಳಿಗೆ ಉಪವಾಸ ಹೇಳಿಕೊಡುವುದು ದ್ರೋಹ. ಅವಳಿಗೆ ಬೇಕಿರುವುದು ಕಾಳು, ಸೊಪ್ಪು, ಮೊಟ್ಟೆ, ನಿದ್ದೆ ಮತ್ತು ಮೈದಾನ.

ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2016ರಲ್ಲೂ 2018ರಲ್ಲೂ ಕ್ಯಾಂಪಸ್‌ಗಳಲ್ಲಿ ಜಂಕ್ ಫುಡ್ ಮಾರಬೇಡಿ ಎಂದು ಸುತ್ತೋಲೆ ಕಳಿಸಿತು. ಆದರೆ ಕ್ಯಾಂಟೀನಿನಿಂದ ಪಪ್ಸ್ ತೆಗೆದರೆ ಹುಡುಗರು ರಸ್ತೆ ದಾಟುತ್ತಾರೆ, ಇಲ್ಲವೇ ಫೋನಿನಲ್ಲಿ ತರಿಸುತ್ತಾರೆ. ಹಸಿದ ಹೊತ್ತಿಗೆ ಬೇರೆ ಏನು ಕೊಡುತ್ತೀರಿ ಎಂಬುದೇ ಪ್ರಶ್ನೆ. ರಾತ್ರಿ ಹತ್ತೂವರೆಗೆ ಮೆಸ್ಸಿನ ಒಂದು ಕಿಟಕಿ ತೆರೆದು ಬೇಯಿಸಿದ ಮೊಟ್ಟೆ, ಕಡಲೆಕಾಳು ಉಸಲಿ, ಬಾಳೆಹಣ್ಣು, ಮಜ್ಜಿಗೆ ಇಡಲು ದೊಡ್ಡ ಖರ್ಚೇನೂ ಬೇಕಿಲ್ಲ. ವಾರ್ಡನ್ ಮನಸ್ಸು ಮಾಡಿದರೆ ಬರುವ ಸೋಮವಾರವೇ ಶುರು ಮಾಡಬಹುದು. ಮೈದಾನದ ದೀಪಕ್ಕೆ ಆಡಳಿತ ಮಂಡಳಿ ಹಣ ಕೊಡಲಿ, ರಾತ್ರಿ ಎಂಟರವರೆಗೆ ಅದು ಹುಡುಗಿಯರಿಗೂ ತೆರೆದಿರಲಿ. ಅಡ್ಮಿಷನ್ನಿಗೆ ಬಂದು ಪ್ಲೇಸ್‌ಮೆಂಟ್ ವಿಚಾರಿಸುವ ಅಪ್ಪ ಅಮ್ಮಂದಿರು ಮೆಸ್ ಮುಚ್ಚುವ ಹೊತ್ತನ್ನೂ ಕೇಳಲಿ. ಅವರು ಕೇಳಿದರೆ ಕಾಲೇಜುಗಳು ಬದಲಾಗುತ್ತವೆ.