ಹರಾಜಿನ ಮನೆ: ಬೆಲೆಗಿಂತ ಮೊದಲು ಗಡುವು ನೋಡಿ

ಹೊಸೂರಿನ ಕಾರ್ಖಾನೆಗಳಿಗೆ ಬರುವವರಿಗೆ ಬಾಡಿಗೆ ಮನೆ ಬೇಕೇ ಬೇಕು. ಹೀಗಾಗಿ ನಾಲ್ಕು ಕಾಸು ಕೂಡಿಸಿಕೊಂಡ ನಮ್ಮ ಕನ್ನಡದ ಹುಡುಗರ ಕಣ್ಣು ಬ್ಯಾಂಕ್ ಹರಾಜಿನ ಮನೆಗಳ ಮೇಲೆ ಬಿದ್ದಿದೆ. "ಅಣ್ಣಾ, ಅಗ್ಗಕ್ಕೆ ಸಿಗ್ತದೆ, ಸಾಲಾನೂ ಬ್ಯಾಂಕೇ ಕೊಡ್ತದೆ" ಅನ್ನುತ್ತಾರೆ. ಅಗ್ಗವೇನೋ ಇರಬಹುದು, ಸಾಲದ ಮಾತು ಮಾತ್ರ ನನಗೆ ಒಪ್ಪಿಗೆಯಿಲ್ಲ.

2002ರ ಸರ್ಫೇಸಿ ಕಾಯ್ದೆಯ ಹರಾಜಿನಲ್ಲಿ, ಠೇವಣಿ ಸೇರಿ ಕೂಗಿದ ಬೆಲೆಯ ಶೇ. 25ನ್ನು ಅದೇ ದಿನ, ತಪ್ಪಿದರೆ ಮರು ಕೆಲಸದ ದಿನ ಕಟ್ಟಬೇಕು. ಉಳಿದದ್ದಕ್ಕೆ ಮಾರಾಟ ಕಾಯಂ ಆದ ಮೇಲೆ 15 ದಿನ. ಬ್ಯಾಂಕ್ ಬರಹದಲ್ಲಿ ಒಪ್ಪಿದರೆ ಹೆಚ್ಚೆಂದರೆ ಮೂರು ತಿಂಗಳು. ತಮಿಳುನಾಡಿನದೇ ಒಂದು ಪ್ರಕರಣದಲ್ಲಿ, ಸಾಲ ಹುಟ್ಟದೆ ಬಾಕಿ ಕಟ್ಟಲಾಗದವರ ಶೇ. 25 ಪೂರ್ತಿ ಮುಟ್ಟುಗೋಲಾದದ್ದು ಸರಿ ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿತು. ಮೂರು ಕೋಟಿಗೂ ಮೀರಿದ ಹಣ ಅದು! ಸಾಲ ಮಂಜೂರಾದ ಪತ್ರ ಕೈಗೆ ಬರದೆ ಹರಾಜಿಗೆ ಹೋಗ್ಲೇಬೇಡಿ.

ಪ್ರಕಟಣೆಯಲ್ಲಿ 'ಸಾಂಕೇತಿಕ ಸ್ವಾಧೀನ' ಎಂದಿದ್ದರೆ ಒಳಗೆ ಹಳೆಯ ಮಾಲೀಕರೋ ಬಾಡಿಗೆದಾರರೋ ಇದ್ದಾರೆಂದೇ ಲೆಕ್ಕ ಹಿಡಿಯಿರಿ. ಅವರನ್ನು ಬಿಡಿಸುವ ತನಕ ಬಾಡಿಗೆ ಬಾರದು, ಸಾಲದ ಕಂತು ನಿಲ್ಲದು. 'ಇದ್ದಲ್ಲಿ ಇದ್ದಂತೆ' ಎಂದರೆ ಮನೆಗಂದಾಯ, ಕರೆಂಟು ಬಾಕಿ ಸಾಮಾನ್ಯವಾಗಿ ಕೊಂಡವರ ತಲೆಗೇ.

ಇದೆಲ್ಲ ಪ್ರಕಟಣೆಯಲ್ಲೇ ಇರುತ್ತದೆ, ಆದರೆ ಇಂಗ್ಲಿಷು, ತಮಿಳಿನಲ್ಲಿ. ಸ್ಥಳೀಯ ಭಾಷೆಯ ಪತ್ರಿಕೆಯಲ್ಲಿ ಹಾಕಬೇಕೆನ್ನುತ್ತದೆ ನಿಯಮ. ಹೊಸೂರು, ತಾಳವಾಡಿಯಲ್ಲಿ ಕನ್ನಡವೂ ಸ್ಥಳೀಯ ಭಾಷೆಯೇ ತಾನೆ? ಬ್ಯಾಂಕಿನವರು ಕನ್ನಡದ ಒಂದು ಪ್ರತಿಯನ್ನಾದರೂ ಶಾಖೆಯ ಬಾಗಿಲಿಗೆ ಅಂಟಿಸಲಿ. ಅಲ್ಲಿಯವರೆಗೆ, ವಿಲ್ಲಂಗ ಸರ್ಟಿಫಿಕೇಟು ತೆಗೆಸುವಾಗಲೇ ತಮಿಳು ಬಲ್ಲ ವಕೀಲರಿಂದ ಪ್ರಕಟಣೆಯನ್ನೂ ಪೂರ್ತಿ ಓದಿಸಿಕೊಳ್ಳಿ.