ಕುಕ್ಕರ್ ಮುಚ್ಚೋಕೆ ಬರೋಳಿಗೆ ಕ್ಯಾಮ್ರಾ ಡಬ್ಬಿ ಮುಚ್ಚೋಕೆ ಬರಲ್ವಾ?

ಹೋದ ವಾರ ಹರಿಹರದಾಗೆ ಅಣ್ಣನ ಸೊಸೆ ಕುಬುಸ ಇತ್ತು. ಹೋಳಿಗೆ ಚೆನ್ನಾಗಿತ್ತು, ಮಾತು ಚೆನ್ನಾಗಿರಲಿಲ್ಲ. ನನ್ನ ಮಗಳು ಮುರುಡೇಶ್ವರಕ್ಕೆ ಹೋಗಿ ಸಮುದ್ರದಾಗೆ ಮುಳುಗಿ ಫೋಟೋ ತೆಗಿತಾಳೆ, ಅದೂ ಹಳೇ ರೀಲ್ ಕ್ಯಾಮ್ರಾದಾಗೆ ಅನ್ನೋ ಸುದ್ದಿ ಎಲೆ ಮುಂದೆ ಕೂತೋರಿಗೆಲ್ಲ ಹೋಳಿಗೆಗಿಂತ ರುಚಿ ಆತು. "ಮೊಬೈಲ್ ಇರೋ ಕಾಲದಾಗೆ ರೀಲ್ ಯಾಕವ್ವ?" ಅಂದ್ರು ದೊಡ್ಡವ್ವ. "ದುಡ್ಡು ನೀರಿಗೆ ಹಾಕೋದು ಅಂದ್ರೆ ಇದೇ ನೋಡು" ಅಂದ್ರು ಅತ್ತಿಗೆ. ಇನ್ನೊಬ್ರು ಮೆಲ್ಲಗೆ, "ಹೆಣ್ಣುಹುಡುಗಿ ಹಿಂಗೆ ನೀರಿಗಿಳಿದ್ರೆ ನಾಳೆ ಗಂಡಿನ ಕಡೆಯೋರು ಏನಂತಾರೆ" ಅಂದ್ರು. ಬಸುರಿ ಹೆಣ್ಣುಮಗಳ ಮುಂದೆ ಜಗಳ ಬ್ಯಾಡ ಅಂತ ಅಲ್ಲಿ ಸುಮ್ನಿದ್ದೆ. ಇಲ್ಲಿ ಸುಮ್ನಿರಲ್ಲ. ಒಂದೊಂದಕ್ಕೇ ಉತ್ತರ ಕೊಡ್ತೀನಿ, ಓದ್ರಿ.

ಮೊದಲು ಮೊಬೈಲ್ ಮಾತು. ಮೊಬೈಲ್ ಕೆಟ್ಟದ್ದು ಅಂತ ನಾನು ಅನ್ನಲ್ಲ, ಇದನ್ನ ಬರೀತಿರೋದೂ ಅದರಾಗೇ. ಆದ್ರೆ ಪ್ಲಾಸ್ಟಿಕ್ ಚೀಲದಾಗೆ ಮೊಬೈಲ್ ಹಾಕಿ ನೀರಾಗೆ ಮುಳುಗಿಸಿ ನೋಡ್ರಿ, ಪರದೆ ನಿಮ್ಮ ಬೆರಳಿನ ಮಾತು ಕೇಳಲ್ಲ. ಅದಿರಲಿ. ಮೊಬೈಲಿನಾಗೆ ಹೋದ ವರ್ಷದ ಜಾತ್ರೇಲಿ ತೆಗೆದ ನಾನೂರು ಫೋಟೋ ಅದಾವಲ್ಲ, ಅದರಾಗೆ ಎಷ್ಟನ್ನ ತಿರುಗಿ ನೋಡೀರಿ? ರೀಲಿನಾಗೆ ಇರೋದು 36. ನೀರಿನೊಳಗೆ ಡಬ್ಬಿ ತೆಗೆದು ರೀಲ್ ಬದಲಾಯಿಸೋ ಹಂಗಿಲ್ಲ. ಹಂಗಾಗಿ ಒಂದು ಸಲ ಒತ್ತೋಕೆ ಮುಂಚೆ ಹತ್ತು ಸಲ ನೋಡಬೇಕು. ನನ್ನ ಮಗಳಿಗೆ ಆ ನೋಡೋದು ಕಲಿಯೋಕೆ ಬೇಕಾಗಿತ್ತು.

ದುಡ್ಡಿನ ಮಾತಿಗೆ ಬರ್ತೀನಿ. ರೀಲು, ತೊಳೆಸೋದು, ಸ್ಕ್ಯಾನು ಎಲ್ಲ ಸೇರಿ ಒಂದಕ್ಕೆ ಸಾವಿರದ ಮ್ಯಾಲೆ ಬೀಳುತ್ತೆ, ಸುಳ್ಳು ಹೇಳಲ್ಲ. ಬೆಂಗಳೂರಿಗೆ ಕೊರಿಯರ್ ಬೇರೆ. ವರ್ಷಕ್ಕೆ ಎರಡು ರೀಲು, ಅವಳ ಸಂಬಳದಾಗೆ. ಕ್ಯಾಮ್ರಾ ಅವರಪ್ಪಂದು, ಬೀರುವಿನಾಗೆ ಬಿದ್ದಿತ್ತು. ಮ್ಯಾಲಿನ ಪಾರದರ್ಶಕ ಡಬ್ಬಿ ಯಾರೋ ವಾಪರಿಸಿ ಬಿಟ್ಟಿದ್ದು. ಅತ್ತಿಗೇರೇ, ಆ ಕುಬುಸಕ್ಕೆ ಅಂತ ನಾವು ಕೊಂಡ ಸೀರೆಗಳ ಬೆಲೆ ನಾನು ಇಲ್ಲಿ ಬರೀಬೇಕಾ? ಒಂದು ಸಲ ಉಟ್ಟು ಮಡಚಿ ಇಟ್ಟಿದ್ದು ದಂಡ ಅಲ್ಲ, ಇದು ಮಾತ್ರ ದಂಡನಾ?

ಇನ್ನು "ಇದೆಲ್ಲ ಗಂಡಸರ ಕೆಲಸ, ನಮಗೆಲ್ಲಿ ಗೊತ್ತಾಗುತ್ತೆ" ಅನ್ನೋರಿಗೆ. ಆ ಡಬ್ಬಿ ಬಾಯಿಗೆ ಏನೈತೆ ಗೊತ್ತಾ? ರಬ್ಬರ್ ಉಂಗುರ. ನಮ್ಮ ಕುಕ್ಕರ್ ಗ್ಯಾಸ್ಕೆಟ್ ಇದ್ದಂಗೆ, ಸಣ್ಣದು ಅಷ್ಟೇ. ಅದರ ಮ್ಯಾಲೆ ಒಂದು ಕೂದಲು, ಒಂದು ಮರಳಿನ ಕಾಳು ಕೂತ್ರೆ ಮುಗೀತು, ನೀರು ಒಳಗೆ. ನೀರಿನಾಗೆ ಹತ್ತು ಮೀಟರ್ ಇಳಿದ್ರೆ ಚದರ ಸೆಂಟಿಮೀಟರಿಗೆ ಹೆಚ್ಚೂಕಮ್ಮಿ 1 ಕೆಜಿ ಒತ್ತಡ ಜಾಸ್ತಿ ಆಗುತ್ತೆ. ಕುಕ್ಕರ್ ವಿಷಲ್ ಹೊಡೆಯೋ ಹೊತ್ತಿಗೆ ಒಳಗಿರೋ ಹೆಚ್ಚಿನ ಒತ್ತಡಾನೂ ಹೆಚ್ಚೂಕಮ್ಮಿ ಅಷ್ಟೇ. ಅದು ಒಳಗಿಂದ ತಳ್ಳುತ್ತೆ, ಇದು ಹೊರಗಿಂದ ಅಮುಕುತ್ತೆ. ಇಪ್ಪತ್ತೈದು ವರ್ಷ ದಿನಾ ಗ್ಯಾಸ್ಕೆಟ್ ತೊಳೆದು, ಒರೆಸಿ, ಬಿರುಕು ಬಿಟ್ಟೈತಾ ಅಂತ ಬೆರಳಾಡಿಸಿ ನೋಡಿದೋಳಿಗೆ ಈ ಕೆಲಸ ಬೇರೆ ಯಾರಾದ್ರೂ ಹೇಳಿಕೊಡಬೇಕಾ? ಮಗಳ ಡಬ್ಬೀನ ಮೊದಲು ಪರೀಕ್ಷೆ ಮಾಡಿದೋಳು ನಾನೇ. ಕ್ಯಾಮ್ರಾ ಇಡದೆ, ಒಣ ಕಾಗದ ಇಟ್ಟು ಮುಚ್ಚಿ, ಬಕೆಟ್ಟಿನಾಗೆ ಅರ್ಧ ತಾಸು ಮುಳುಗಿಸಿ ಇಟ್ಟೆ. ಗುಳ್ಳೆ ಬರಲಿಲ್ಲ, ಕಾಗದ ನೆನೀಲಿಲ್ಲ. ಉಂಗುರಕ್ಕೆ ಅದರದ್ದೇ ಗ್ರೀಸು ತೆಳ್ಳಗೆ ಹಚ್ಚಬೇಕು, ಕೊಬ್ಬರಿಎಣ್ಣೆ ಅಲ್ಲ. ಚಪ್ಪಲಿ ಡಬ್ಬಿಯಾಗೆ ಬರ್ತಾವಲ್ಲ ಸಣ್ಣ ಪೊಟ್ಟಣ, ತೇವ ಹೀರೋವು, ಅದೊಂದು ಒಳಗಿಟ್ರೆ ಗಾಜಿಗೆ ಮಂಜು ಕಟ್ಟಲ್ಲ. ಸಮುದ್ರದಿಂದ ಬಂದ ಮ್ಯಾಲೆ ಸಿಹಿನೀರಾಗೆ ನೆನೆಹಾಕಬೇಕು, ಇಲ್ಲಾಂದ್ರೆ ಉಪ್ಪು ಕಟ್ಟಿ ಗುಂಡಿ ಹಿಡ್ಕೊಳ್ತಾವೆ. ಇದರಾಗೆ ಹೆಂಗಸರಿಗೆ ಗೊತ್ತಿಲ್ಲದ್ದು ಏನೈತೆ ಹೇಳ್ರಿ?

ಹೆಂಗಸರು ಮಾಡಿಲ್ಲ ಅಂತಾನೂ ಇಲ್ಲ. ನೀರೊಳಗಿನ ಫೋಟೋ ಅನ್ನೋದು ಹೊಸದಲ್ಲ, ಫ್ರಾನ್ಸಿನ ಲೂಯಿ ಬುಟಾನ್ 1893ರಾಗೇ ತೆಗೆದಿದ್ರು. ಆಸ್ಟ್ರೇಲಿಯಾದ ವ್ಯಾಲೆರಿ ಟೇಲರ್ ರೀಲ್ ಕಾಲದಾಗೇ ಶಾರ್ಕ್ ಮುಂದೆ ಈಜಿಕೊಂಡು ಫೋಟೋ, ಸಿನಿಮಾ ತೆಗೆದ ಹೆಂಗಸು. 1975ರ 'ಜಾಸ್' ಸಿನಿಮಾದಾಗೆ ಬರೋ ನಿಜವಾದ ಶಾರ್ಕ್ ದೃಶ್ಯ ತೆಗೆದಿದ್ದು ಆಕೆ ಮತ್ತೆ ಆಕೆ ಗಂಡ ಸೇರಿ.

ಮಗಳ ಮೊದಲನೇ ರೀಲು ಹಂಗೇನೂ ಬಂದಿಲ್ಲ, ಅದನ್ನೂ ಹೇಳಿಬಿಡ್ತೀನಿ. ನೇತ್ರಾಣಿ ದ್ವೀಪದ ಹತ್ರ, ಕಲಿಸೋರ ಜೊತೆಗೇ ಇಳಿದು ತೆಗೆದಿದ್ದು. 36ರಾಗೆ ಚೆನ್ನಾಗಿ ಬಂದಿದ್ದು ಒಂಬತ್ತು. ಉಳಿದಿದ್ದೆಲ್ಲ ಬರೀ ನೀಲಿ. ನೀರು ಮೊದಲು ನುಂಗೋದು ಕೆಂಪು ಬಣ್ಣಾನ. ಐದಾರು ಮೀಟರ್ ಇಳಿದ್ರೆ ಕುಂಕುಮಾನೂ ಕಪ್ಪಗೆ ಕಾಣುತ್ತಂತೆ. ವಸ್ತುಗಳು ಇರೋದಕ್ಕಿಂತ ಹತ್ರ, ದೊಡ್ಡದಾಗಿ ಕಾಣ್ತಾವೆ. ದೂರದ ಮೀನಿಗೆ ಆಸೆ ಪಟ್ಟು ಒತ್ತಿದ್ದೆಲ್ಲ ಮಸುಕು. ಮೊಳದಷ್ಟು ಹತ್ರ ಹೋಗಿ, ಉಸಿರು ಸಮ ಮಾಡ್ಕೊಂಡು ತೆಗೆದಿದ್ದು ಮಾತ್ರ ಬಂದಾವೆ. "ಅವ್ವ, ಎರಡನೇ ರೀಲಿಗೆ ಗೊತ್ತಾತು" ಅಂದ್ಲು. ನಮ್ಮ ಮೊದಲನೇ ರೊಟ್ಟಿ ಎಷ್ಟು ದುಂಡಗೆ ಬಂದಿದ್ವು?

ಈಗ ಕೊನೇ ಮಾತು, ಗಂಡಿನ ಕಡೆಯೋರ ಮಾತು. ಇದಕ್ಕೇ ನನಗೆ ಹೊಟ್ಟೆ ಉರಿದಿದ್ದು.

ನಾನು ಹರಿಹರದಾಗೆ ಹುಟ್ಟಿದೋಳು. ತುಂಗಭದ್ರೆ ನೀರು ಕುಡಿದು, ಅದರ ದಂಡೆ ಕಲ್ಲಿನ ಮ್ಯಾಲೆ ಬಟ್ಟೆ ಒಗೆದು ಬೆಳೆದೋಳು. ಅಣ್ಣ ತಮ್ಮಂದಿರು ಹೊಳೆ ದಾಟಿ ಆ ದಂಡೆ ಮುಟ್ಟಿ ಬರ್ತಿದ್ರು. ನಮಗೆ ಮಂಡಿ ಮ್ಯಾಲೆ ನೀರು ಬಂದ್ರೆ ಬೈಗುಳ. ನನ್ನ ಜೊತೆ ಸಾಲಿಗೆ ಬರ್ತಿದ್ದ ಹುಡುಗಿ ಒಂದಿನ ಕಂಬಳಿ ಜಾಲಿಸೋಕೆ ಹೋಗಿ ಕಾಲುಜಾರಿದ್ಲು. ದಂಡೆ ಮ್ಯಾಲೆ ಏಳು ಜನ ಹೆಂಗಸರಿದ್ವಿ. ಏಳು ಜನಾನೂ ಕೂಗಿದ್ವಿ. ಇಳಿಯೋಕೆ ಒಬ್ರಿಗೂ ಬರ್ತಿರಲಿಲ್ಲ. ದೊಡ್ಡವ್ವ, ಆ ಏಳರಾಗೆ ನೀವೂ ಇದ್ರಿ. ಆಗ ಗಂಡಿನ ಕಡೆಯೋರು ಯಾರೂ ಬರಲಿಲ್ಲ.

ನನ್ನ ಮಗಳು ಕ್ಯಾಮ್ರಾ ಹಿಡಿಯೋಕೆ ಮುಂಚೆ ಎರಡು ವರ್ಷ ಈಜು ಕಲಿತಾಳೆ. ಅದಿಲ್ಲದೆ ಡಬ್ಬಿ ಕೈಗೆ ಕೊಡಲ್ಲ ಅಂದಿದ್ದೆ. ಹರಿಹರದ ಹೊಳೆಯಾಗೆ ಮುಳುಗೋಕೂ ನಾನು ಬಿಡಲ್ಲ, ಸುಳಿ ಎಲ್ಲೈತೆ ಅಂತ ಗೊತ್ತಾಗಲ್ಲ. ಮಳೆಗಾಲದಾಗೆ ಅಂತೂ ನೀರು ರಾಡಿ, ಏನೂ ಕಾಣಲ್ಲ. ಮೊನ್ನೆ ಮಾಘದಾಗೆ ನೀರು ತಿಳಿಯಾಗಿದ್ದಾಗ ದಂಡೇಲಿ ನಿಂತು ಕ್ಯಾಮ್ರಾ ಅಷ್ಟೇ ಮುಳುಗಿಸಿ ಒಂದು ಫೋಟೋ ತೆಗೆದ್ಲು. ಬಟ್ಟೆ ಒಗೆಯೋ ಕಲ್ಲು, ಪಾಚಿ, ನನ್ನ ಎರಡು ಕಾಲು, ಕಾಲುಂಗುರ. ಐವತ್ತು ವರ್ಷ ಆ ನೀರಾಗೆ ನಿಂತೀನಿ, ಕೆಳಗೆ ನನ್ನ ಕಾಲು ಹೆಂಗೆ ಕಾಣ್ತಾವೆ ಅಂತ ಗೊತ್ತಾಗಿದ್ದು ಈಗ. ಆ ಫೋಟೋ ಪ್ರಿಂಟ್ ಹಾಕಿಸಿ ಅಡಿಗೆಮನೆಯಾಗೆ ಇಟ್ಟೀನಿ. ದಂಡ ಅನ್ನೋರು ಬಂದು ನೋಡಿ, ಚಾ ಕುಡಿದು, ಆಮೇಲೆ ಅನ್ರಿ.

ರೀಲ್ ಕ್ಯಾಮ್ರಾ ಎಲ್ರೂ ತಗೊಳ್ರಿ ಅಂತ ನಾನು ಹೇಳಲ್ಲ. ಹೆಣ್ಣುಮಕ್ಕಳಿಗೆ ಈಜು ಕಲಿಸ್ರಿ, ಅಷ್ಟು ಮಾಡ್ರಿ ಸಾಕು. ಬೇಸಿಗೆ ರಜಾದಾಗೆ ದಾವಣಗೆರೆಯಾಗೆ ಈಜುಕೊಳದ ಹೆಂಗಸರ ಬ್ಯಾಚಿಗೆ ನಾನೂ ಹೆಸರು ಹಚ್ಚೀನಿ, ಈ ವಯಸ್ಸಿನಾಗೆ. ಅತ್ತಿಗೇರೇ, ಮೊಮ್ಮಗಳು ಹುಟ್ಟಿದ್ರೆ ಅವಳ ಹೆಸರೂ ಬರೆಸ್ತೀನಿ, ಆರು ವರ್ಷ ಆಗಲಿ. ಫೀಸು ನಂದು.